ಬಾಳೆತೋಟದಲ್ಲಿ ಮಾಡಿದ ಆಣೆ

ಹೊಸಪೇಟೆಗೆ ದೊಡ್ಡ ಕಾಲೇಜು ಬರುತ್ತದೆಂದು ಜಾಗ ಅಳೆಯುತ್ತಿದ್ದರು. ಸರ್ವೆ ಸಾಹೇಬರು ಹೇಳಿದ ಕಡೆ ಬಾವುಟ ಹಿಡಿದು ನಿಲ್ಲುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಕಾಲುವೆ ಪಕ್ಕದ ಬಾಳೆತೋಟದಲ್ಲಿ ನಾನೊಬ್ಬನೇ ಉಳಿದೆ. ಏಳೆಂಟು ಜನ ಕುಡುಗೋಲು ಹಿಡಿದು ಬಂದು ಸುತ್ತಲೂ ನಿಂತರು.

ತೋಟದ ಒಡತಿ, ಮುದುಕಿ, ನನ್ನೆದುರು ಕಲ್ಲಿನ ಮೇಲೆ ಕರ್ಪೂರ ಹಚ್ಚಿದಳು. “ಈ ತೋಟ ತಗೊಳ್ಳಂಗಿಲ್ಲ ಅಂತ ವಿರೂಪಾಕ್ಷಪ್ಪನ ಮ್ಯಾಲೆ ಆಣಿ ಮಾಡಿ ಇದನ್ನ ಆರಿಸು.”

ಸುಳ್ಳು ಆಣೆ ಮಾಡಿದರೆ ದೇವರು ಬಿಡುವುದಿಲ್ಲ, ಮಾಡದಿದ್ದರೆ ಇವರು ಬಿಡುವುದಿಲ್ಲ.

“ಯವ್ವಾ, ನಂಗೇನೂ ಗೊತ್ತಿಲ್ಲ. ನಾ ಮೂರನೇ ಕ್ಲಾಸಿಗೇ ಸಾಲಿ ಬಿಟ್ಟಾಂವ.”

“ನೋಡ್ರಪಾ, ಸಾಲಿ ಬಿಟ್ಟು ಓಡಿದಾಂವ ಕಾಲೇಜು ಕಟ್ಟಾಕ ಬಂದಾನ!” ಎಂದನೊಬ್ಬ. ಯಾರೂ ನಗಲಿಲ್ಲ.

ಮುದುಕಿ ಅಂದಳು, “ಹಂಗಾರ ನಿನ್ನ ಕೈಲಾದಷ್ಟಕ್ಕ ಆಣಿ ಮಾಡು.”

“ಈ ತೋಟದಾಗ ನಾ ಇನ್ನ ಬಾವುಟ ಹಿಡಿಯಂಗಿಲ್ಲ” ಎಂದು ಅಂಗೈಯಿಂದ ಉರಿ ಒತ್ತಿ ಆರಿಸಿದೆ. ಆಗ ದಾರಿ ಬಿಟ್ಟರು.

ಸಾಹೇಬರಿಗೂ ಹೇಳದೆ ಕಂಪ್ಲಿ ಕಡೆ ಹೋಗುವ ಬಂಡಿ ಹತ್ತಿದೆ. ಆಣೆಯನ್ನಂತೂ ಮುರಿಯಲಿಲ್ಲ. ಮರುದಿನ ಅದೇ ಜಾಗದಲ್ಲಿ ಬಾವುಟ ಹಿಡಿಯಲು ಸಾಹೇಬರು ಕನ್ನಡವೇ ಬಾರದವನೊಬ್ಬನನ್ನು ತಂದು ನಿಲ್ಲಿಸಿದರಂತೆ.