ಹಚ್ಚೆ ಇಲ್ಲದ ಫೋಟೊ

ಬದುಕಿರುವವರ ಫೋಟೊಗೆ ಹಾರ ಹಾಕಬಾರದು ಎಂದು ನನಗೆ ಹೇಳಿಕೊಟ್ಟವಳು ಅವ್ವ. ಅಂಥ ಅವ್ವ ಒಂದು ಸಂಜೆ ತನ್ನದೇ ಫೋಟೊಗೆ ಚೆಂಡುಹೂವಿನ ಹಾರ ಹಾಕಿ, ಅದರ ಕೆಳಗೇ ಕುಳಿತು ಮೆಂತೆಸೊಪ್ಪು ಸೋಸುತ್ತಿದ್ದಳು.

ಇದಕ್ಕೆಲ್ಲ ಮೂಲ ನನ್ನ ಫೋಟೊ ಹುಚ್ಚು. ಫೋರ್ಟ್‌ನ ಆಫೀಸಿನಿಂದ ಮಲಾಡ್‌ನ ಮನೆಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬರುವಾಗ ಪಕ್ಕದವರ ಫೋನಿನಲ್ಲಿ ಎಂತೆಂಥ ಚಂದದ ಫೋಟೊಗಳು ಕಾಣುತ್ತಿದ್ದವು. ನಾನು ತೆಗೆದದ್ದು ಮಾತ್ರ ದೇವರಿಗೇ ಪ್ರೀತಿ. ಹೊಸ ಫೋನು ಕೊಂಡ ಮೇಲೆ ನಮ್ಮದೇ ಬಿಲ್ಡಿಂಗಿನ ಕಾಲೇಜು ಹುಡುಗಿಗೆ ಕಲಿಸೆಂದು ಬೆನ್ನು ಬಿದ್ದೆ. ಉಡುಪಿ ಕಡೆಯವರ ಮಗಳು, ಕನ್ನಡ ಅರ್ಥವಾಗುತ್ತದೆ, ಆಡುವುದು ಹಿಂದಿ ಬೆರೆಸಿ ಅರೆಬರೆ.

"ಆಂಟಿ, ಪೆಹಲೇ ಲೆನ್ಸ್ ಸಾಫ್ ಮಾಡಿ. ಕಿತ್ನಾ ಎಣ್ಣೆ ಉಂಟು ನೋಡಿ," ಎಂದು ಶುರು ಮಾಡಿದಳು. ಫ್ಲ್ಯಾಶ್ ಬೇಡ, ಮುಖ ಕಿಟಕಿಯ ಕಡೆಗಿರಲಿ, ಬೆನ್ನ ಹಿಂದೆ ಬಟ್ಟೆ ಒಣಗಿಸುವ ಹಗ್ಗ ಬರಬಾರದು. ಅಷ್ಟು ಕಲಿತದ್ದೇ ತಡ, ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು ನನ್ನ ಕಥೆ. ವಡಾಪಾವ್, ಪಾರಿವಾಳ, ಸೊಸೈಟಿಯ ನೀರಿನ ಟ್ಯಾಂಕರ್, ಯಾವುದನ್ನೂ ಬಿಡಲಿಲ್ಲ.

ಕೊನೆಗೆ ಅವ್ವನ ಸರದಿ. "ನನ್ನ ಮುದಿ ಮಾರಿ ಯಾರ ನೋಡ್ತಾರ ಬಿಡ," ಎನ್ನುತ್ತಲೇ ಸೆರಗು ಸರಿಮಾಡಿಕೊಂಡು ಕಿಟಕಿಯ ಪಕ್ಕ ಕುಳಿತಳು. ಬೆಳಗಿನ ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು. ತೆಗೆದ ಫೋಟೊ ನೋಡಿ ನಾನೇ ಮರುಳಾದೆ. ಫೋನಿನಲ್ಲಿ ನೆಂಟರ ಗ್ರೂಪಿಗೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಊರಿನ ನೆಂಟರೆಲ್ಲ ಮೆಚ್ಚಿದರು. ಅತ್ತೀಗೆ ವಯಸ್ಸೇ ಆಗಿಲ್ಲ, ಕಾಕುಗೆ ದೃಷ್ಟಿ ತೆಗೀರಿ, ಹೀಗೆ. ಉಬ್ಬಿಹೋಗಿ ಫೋನನ್ನು ಅವ್ವನ ಮುಂದೆ ಹಿಡಿದೆ.

ಅವಳು ಬಹಳ ಹೊತ್ತು ನೋಡಿದಳು. ಪರದೆಯ ಮೇಲಿನ ಗದ್ದವನ್ನು ಬೆರಳಿನಿಂದ ಮುಟ್ಟಿದಳು. "ನನ್ನ ಹಚ್ಚಿ ಎಲ್ಲಿ ಹೋತು?" ಎಂದಳು.

ಅವ್ವನ ಹಣೆಯ ಮೇಲೊಂದು ಹಚ್ಚೆಯ ಬೊಟ್ಟು, ಗದ್ದದ ಮೇಲೆ ಮೂರು ಚುಕ್ಕಿ. ಮಾಸಿ ತಿಳಿ ಹಸಿರಾಗಿವೆ, ಆದರೆ ನಾನು ಹುಟ್ಟಿದಾಗಿನಿಂದ ನೋಡಿದ ಮುಖ ಅದು. ಫೋಟೊದಲ್ಲಿ ಒಂದೂ ಇರಲಿಲ್ಲ. ಊರಿಗೆಲ್ಲ ತೋರಿಸಿ ಮೆರೆದ ನನಗೆ ಅದು ಕಂಡಿರಲೂ ಇಲ್ಲ. ನಾಚಿಕೆಯಿಂದ ಸತ್ತು ಹೋಗುವಂತಾಯಿತು.

ಹುಡುಗಿಯ ಬಳಿ ಓಡಿದೆ. "ಆಂಟಿ, ಬ್ಯೂಟಿ ಮೋಡ್ ಆನ್ ಉಂಟು. ಫೋನೇ ಹಚ್ಚೆಯನ್ನ ದಾಗ್, ಕಲೆ ಅಂತ ತಿಳ್ಕೊಂಡು ಕ್ಲೀನ್ ಮಾಡಿದೆ," ಎಂದು ತಣ್ಣಗೆ ಹೇಳಿದಳು. ನಮ್ಮವ್ವನ ಮುಖ ಒರೆಸಲು ಈ ಫೋನು ಯಾರು ಎಂದು ನನಗೆ ಉರಿದುಹೋಯಿತು. ಅದನ್ನು ಆಫ್ ಮಾಡಿಸಿಕೊಂಡು ಬಂದು, ಅದೇ ಕಿಟಕಿಯ ಬಳಿ ಇನ್ನೊಂದು ತೆಗೆದೆ. ಸುಕ್ಕು, ಚುಕ್ಕಿ ಎಲ್ಲವೂ ಬಂದವು.

ಅವ್ವ ಅದನ್ನು ಒಮ್ಮೆ ನೋಡಿದಳು. "ಇದು ನಾ. ಇರ್ಲಿ. ಮೊದಲಿಂದು ಅಳಸಬ್ಯಾಡ. ಅದನ್ನ ದೊಡ್ಡದು ಮಾಡ್ಸಿ, ಕಟ್ಟು ಹಾಕ್ಸಿ ಕೊಡು."

ಮುದುಕಿಗೂ ಚಂದ ಕಾಣುವ ಆಸೆ ಬಂತಲ್ಲ ಎಂದು ಕಾಡಿಸಿದೆ. ಅವಳು ನಗಲಿಲ್ಲ. ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಮಾಡಿಸಿ ತಂದುಕೊಟ್ಟೆ.

ಮರುದಿನ ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಎದುರಿನ ಗೋಡೆಯ ಮೇಲೆ ಅವ್ವನ ಮುಖ, ಹಣೆಗೆ ಕುಂಕುಮ, ಕೊರಳಿಗೆ ಹಾರ, ಕೆಳಗೆ ಊದುಬತ್ತಿ. ಮೆಂತೆಸೊಪ್ಪು ಸೋಸುತ್ತಿದ್ದ ಅವ್ವ ತಲೆಯೆತ್ತಿ ನೋಡದೇ ಇದ್ದಿದ್ದರೆ ನನ್ನ ಉಸಿರು ಅಲ್ಲೇ ನಿಲ್ಲುತ್ತಿತ್ತು. "ತಲಿ ಕೆಟ್ಟದ ಏನ ನಿನಗ, ಜೀವಂತ ಇರೂವಾಗ ಹಾರ ಹಾಕ್ಕೊಂಡಿ," ಎಂದು ಕೂಗಿ, ಓಡಿಹೋಗಿ ಕಿತ್ತೆಸೆಯಲು ಕೈ ಚಾಚಿದೆ.

"ಮುಟ್ಟಬ್ಯಾಡ. ಅದು ನಾ ಅಲ್ಲ, ನಿಮ್ಮ ಚಿಗವ್ವ," ಎಂದಳು ಅವ್ವ.

ನನಗೊಬ್ಬಳು ಚಿಗವ್ವ ಇದ್ದಳೆಂದು ನಾನು ಕೇಳಿದ್ದೇ ಆಗ.

"ನನ್ನ ಬೆನ್ನಿಗೆ ಹುಟ್ಟಿದಾಕಿ. ಇಬ್ಬರದೂ ಒಂದ ಅಚ್ಚು. ಸೂಜಿಗೆ ಅಂಜಿ, ಹಚ್ಚಿ ಹಾಕಾಕಿ ಬಂದಾಗೆಲ್ಲ ಓಡಿಹೋಗ್ತಿದ್ಲು. ಹಚ್ಚಿ ನೋಡೇ ಮಂದಿ ನಮ್ಮ ಗುರ್ತು ಹಿಡೀತಿದ್ರು. ಮದುವಿ ಮಾಡೂಕಿಂತ ಮೊದಲ ಜ್ವರಾ ಬಂದು ಹೋದ್ಲು." ಸೊಪ್ಪನ್ನು ಪಕ್ಕಕ್ಕಿಟ್ಟಳು. "ಸತ್ತಾಗ ನಮ್ಮ ಜೋಡಿ ಬರೂದು ಹಚ್ಚಿ ಒಂದ ಅಂತಾರ. ಅಕಿ ಜೋಡಿ ಅದೂ ಹೋಗಲಿಲ್ಲ. ಇಲ್ಲಿ ಒಂದ ಫೋಟೊ ಸುದ್ದಾ ಉಳೀಲಿಲ್ಲ. ಬದುಕಿದ್ರ ಈಗ ಹಿಂಗ ಇರ್ತಿದ್ಲು."

ಚಾಚಿದ ಕೈಯನ್ನು ಹಿಂದೆಗೆದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ಅವ್ವ ಇಂಥದೊಂದು ದುಃಖವನ್ನು ಒಬ್ಬಳೇ ಹೊತ್ತಿದ್ದಳು. ಅವಳ ಪಕ್ಕದಲ್ಲಿ ಕುಳಿತು ಅತ್ತೆ.

ಈಗಲೂ ಸಂಜೆ ಬೀಗ ತೆಗೆದಾಗ ಒಂದು ಕ್ಷಣ ಜೀವ ಬಾಯಿಗೆ ಬರುತ್ತದೆ. ಫೋಟೊದ ಗದ್ದ ನೋಡುತ್ತೇನೆ. ಚುಕ್ಕಿ ಇಲ್ಲ. ಚಿಗವ್ವ ಎಂದುಕೊಂಡು ಚಪ್ಪಲಿ ಬಿಡುವಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಕೇಳುತ್ತಾಳೆ, "ಹಾರ ತಂದಿ ಏನ?"