ಡಾಕ್ಟ್ರಮ್ಮನ ಹಣೆಗಿಟ್ಟ ಕುಂಕುಮ

ಕಾಗದ ಹರಿಯದಂತೆ ಸ್ಟೇಪ್ಲರ್ ಪಿನ್ನನ್ನು ಉಗುರಿನಿಂದಲೇ ಕೀಳುವ ವಿದ್ಯೆ ನನಗೆ ಒಲಿದದ್ದು ಮಾರೇನಹಳ್ಳಿಯ ಹದಿನೆಂಟು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ. ಕೇಳಿದವರಿಗೆ ಅಲ್ಲಿ ಆಫೀಸು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದೆ. ನಿಮ್ಮೆದುರು ಮುಚ್ಚುಮರೆಯೇಕೆ, ನಮ್ಮ ಡಾಕ್ಟರು ನಿಜವಾಗಿಯೂ ಡಾಕ್ಟರೇ ಎಂದು ವಿಮಾ ಕಂಪನಿಗಳಿಗೆ ನಂಬಿಸುವುದೇ ನನ್ನ ಮುಖ್ಯ ಕಸುಬಾಗಿತ್ತು. ಕ್ಯಾಶ್‌ಲೆಸ್ ಎಂಬ ಮಾತು ಆಗಿನ್ನೂ ನಮ್ಮ ಬಡಾವಣೆಗೆ ಹೊಸದು. ಕಂಪನಿಯ ಪಟ್ಟಿಯಲ್ಲಿ ಆಸ್ಪತ್ರೆಯ ಮತ್ತು ಡಾಕ್ಟರ ಹೆಸರಿದ್ದರೆ ರೋಗಿ ದುಡ್ಡು ಕಟ್ಟದೆ ಕಾರ್ಡು ತೋರಿಸಿ ದಾಖಲಾಗಬಹುದು. ಇಲ್ಲದಿದ್ದರೆ ಪಟ್ಟಿಯಲ್ಲಿರುವ ಬೇರೆ ಆಸ್ಪತ್ರೆಯ ದಾರಿ ಹಿಡಿಯಬೇಕು. ಆ ಪಟ್ಟಿಗೆ ಒಂದು ಹೆಸರು ಹತ್ತಿಸುವಷ್ಟರಲ್ಲಿ ನನ್ನ ಎರಡು ಜೊತೆ ಚಪ್ಪಲಿ ಸವೆದಿದ್ದವು.

ನಮ್ಮ ಡಾಕ್ಟ್ರಮ್ಮ ಮೂವತ್ತು ವರ್ಷದಿಂದ ಅದೇ ಬೀದಿಯಲ್ಲಿ ಹೆರಿಗೆ ಮಾಡಿಸಿದವರು. ತರಕಾರಿ ಕೊಳ್ಳಲು ಹೋದರೆ ಮಾರುವವನೂ ಪಕ್ಕದಲ್ಲಿ ಚೌಕಾಸಿ ಮಾಡುವವಳೂ ಅವರ ಕೈಯಲ್ಲೇ ಹುಟ್ಟಿದವರಾಗಿರುತ್ತಿದ್ದರು. ಕಂಪನಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ಗೆಜೆಟೆಡ್ ಅಧಿಕಾರಿಯ ಸಹಿಯಿರುವ ಸರ್ಟಿಫಿಕೇಟಿನ ಪ್ರತಿಗಳು ಬೇಕು. ನಮಗೆ ಪರಿಚಯವಿದ್ದ ಒಬ್ಬರೇ ಒಬ್ಬ ಗೆಜೆಟೆಡ್ ಅಧಿಕಾರಿಯೆಂದರೆ ಅನ್ನಪೂರ್ಣೇಶ್ವರಿ ನಗರದಲ್ಲಿದ್ದ ಸರ್ಕಾರಿ ಪಶುವೈದ್ಯರು. ಅವರು ಮುದ್ರೆ ಒತ್ತುತ್ತಾ, "ಇವ್ರು ಮನುಷ್ಯರ ಡಾಕ್ಟ್ರು ಅಂತ ಹೇಳೋಕೆ ದನದ ಡಾಕ್ಟ್ರೇ ಬೇಕಾಯ್ತಲ್ಲಮ್ಮ" ಎಂದು ಹೊಟ್ಟೆ ಕುಲುಕಿಸಿ ನಕ್ಕರು. ನಾನೂ ನಕ್ಕೆ, ಆದರೆ ಒಳಗೊಳಗೇ ಆತಂಕವಿತ್ತು.

ಆತಂಕಕ್ಕೆ ಕಾರಣ ಶಾಂತವ್ವ. ಗದಗದ ಕಡೆಯಿಂದ ಬಂದು ಗೋವಿಂದರಾಜನಗರದ ವಠಾರವೊಂದರಲ್ಲಿ ಸಂಸಾರ ಹೂಡಿದ್ದ ಅವಳಿಗೆ ಆಗ ಏಳು ತಿಂಗಳು. ನಾಲ್ಕು ವರ್ಷದ ಹಿಂದೆ ಮೊದಲ ಮಗಳು ಕಾಲು ಮುಂದಾಗಿ ಬಂದಾಗ ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟವರು ಡಾಕ್ಟ್ರಮ್ಮ. ಈಗ ಗಂಡನ ಕಾರ್ಖಾನೆಯವರು ವಿಮೆ ಮಾಡಿಸಿದ್ದರು, ಆದರೆ ಆ ಪಟ್ಟಿಯಲ್ಲಿದ್ದ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. "ಅಕ್ಕಾರ, ಹೆಂಗರ ಮಾಡಿ ನಿಮ್ಮ ದವಾಖಾನಿ ಹೆಸರು ಬರಸ್ರಿ. ಬ್ಯಾರೆ ಕೈಯಾಗ ಹಡಿಯಾಕ ನನಗ ಧೈರ್ಯ ಇಲ್ರಿ" ಎಂದು ಅವಳು ನನ್ನ ಮೇಜಿನ ಮುಂದೆ ನಿಂತು ಹೇಳಿದ್ದಳು. ಆಗಲಿ ಎಂದು ನಾನು ದೊಡ್ಡ ಮನುಷ್ಯಳಂತೆ ಮಾತು ಕೊಟ್ಟುಬಿಟ್ಟಿದ್ದೆ.

ಫೈಲು ಸಿದ್ಧವಾಗುವ ಹೊತ್ತಿಗೆ ಆಯುಧಪೂಜೆ ಬಂತು. ಕತ್ತರಿ, ಇಕ್ಕಳ, ಕಂಪ್ಯೂಟರು, ಡಾಕ್ಟ್ರಮ್ಮನ ಹಳೆಯ ಕಾರು ಎಲ್ಲಕ್ಕೂ ಚೆಂಡುಹೂವು ಏರಿತು. ನನ್ನ ಆಯುಧ ಆ ಫೈಲಲ್ಲವೇ, ಅದನ್ನೂ ಮಣೆಯ ಮೇಲಿಟ್ಟೆ. ರಟ್ಟಿಗೆ ಮಾತ್ರ ಪೂಜೆ ಮಾಡಿದರೆ ಒಳಗಿನ ಕಾಗದಗಳ ಗತಿಯೇನೆಂದು ಲಾಡಿ ಬಿಚ್ಚಿ ತೆರೆದೆ. ಮೊದಲ ಪುಟದಲ್ಲೇ ಡಾಕ್ಟ್ರಮ್ಮನ ಭಾವಚಿತ್ರ, ಅದರ ಕೆಳಗೇ ಅವರ ವೈದ್ಯಕೀಯ ನೋಂದಣಿ ಸಂಖ್ಯೆ. ಪ್ರತಿ ಶುಕ್ರವಾರ ಮನೆಯ ದೇವರ ಪಟಗಳಿಗೆಲ್ಲ ಕುಂಕುಮವಿಟ್ಟು ರೂಢಿಯಾದ ಬೆರಳು, ಪಟ ಕಂಡದ್ದೇ ತಡ, ನೇರವಾಗಿ ಹಣೆಗೇ ಹೋಯಿತು. ಗಂಧ ತೆಳ್ಳಗಿತ್ತು, ಕುಂಕುಮ ಧಾರಾಳವಾಗಿತ್ತು. ಪೂಜೆಯಾದ ಫೈಲನ್ನು ಮತ್ತೆ ಬಿಚ್ಚಬಾರದೆಂಬ ನನ್ನದೇ ಶಾಸ್ತ್ರದಂತೆ, ಹಬ್ಬ ಕಳೆದ ಮೇಲೆ ಅದನ್ನು ಹಾಗೆಯೇ ಕೊರಿಯರಿಗೆ ಒಪ್ಪಿಸಿದೆ.

ಮೂರು ವಾರದ ನಂತರ ಕಂಪನಿಯ ಹುಡುಗಿಯೊಬ್ಬಳ ಫೋನು ಬಂತು. "ಮೇಡಂ, ನಿಮ್ ಡಾಕ್ಟರ್ ಫೋಟೋಲಿ ಹಣೆಯಿಂದ ಕೆಳಗಡೆ ಕೆಂಪಗೆ ಏನೋ ಇಳಿದುಬಿಟ್ಟಿದೆ. ರಿಜಿಸ್ಟ್ರೇಷನ್ ನಂಬರೇ ಕಾಣ್ತಿಲ್ಲ. ತಿದ್ದಿದಾರೆ ಅಂತ ಹೆಡ್ ಆಫೀಸಲ್ಲಿ ರಿಜೆಕ್ಟ್ ಮಾಡಿದಾರೆ."

"ಅದು ಕುಂಕುಮ ಕಣಮ್ಮ" ಎಂದೆ.

"ನಂಗೆ ಗೊತ್ತಾಗುತ್ತೆ ಮೇಡಂ, ನಮ್ ಪ್ರಿಂಟರ್‌ಗೂ ಇಟ್ಟಿದೀವಿ. ಆದ್ರೆ ಹೆಡ್ ಆಫೀಸು ಈ ಊರಲ್ಲಿಲ್ಲ, ಏನ್ಮಾಡ್ಲಿ?"

ಫೋನಿಟ್ಟು ನೇರ ಹೋಗಿ ಡಾಕ್ಟ್ರಮ್ಮನಿಗೆ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಮೂವತ್ತು ವರ್ಷದಲ್ಲಿ ನಂಗೆ ಪೂಜೆ ಮಾಡಿದೋಳು ನೀನೊಬ್ಬಳೇ ಕಣೇ ಸುಮಾ" ಎಂದು, ಹೊಸ ಫೋಟೋ ತೆಗೆಸಿಕೊಳ್ಳಲು ಎದ್ದೇಬಿಟ್ಟರು. ಮತ್ತೆ ಜೆರಾಕ್ಸು, ಮತ್ತೆ ಪಶುವೈದ್ಯರು. ಇನ್ನೊಬ್ಬರು ನಂಬಿ ಜೀವವನ್ನೇ ಒಪ್ಪಿಸಿದ ಕೈಗಳಿಗೆ ಸಾಕ್ಷಿ ಹುಡುಕುತ್ತಾ ಬಸ್ಸಿನಲ್ಲಿ ಅಲೆಯುವಾಗ ನನಗೆ ಒಂದು ಯೋಚನೆ ಬರುತ್ತಿತ್ತು. ನಮ್ಮಮ್ಮನ ಕೈಯಡುಗೆ ರುಚಿಯೆಂದೂ ನಮ್ಮಪ್ಪ ಒಳ್ಳೆಯವರೆಂದೂ ರುಜುವಾತು ಮಾಡಲು ಯಾರಾದರೂ ಹೇಳಿದ್ದರೆ ನಾನು ಯಾವ ಕಾಗದ ತರುತ್ತಿದ್ದೆ? ನೀವಾದರೂ ಏನು ತರುತ್ತಿದ್ದಿರಿ? ಹಾಗೆಂದು ಕಾಗದವನ್ನು ಬೈಯಲೂ ಮನಸ್ಸಾಗುತ್ತಿರಲಿಲ್ಲ. ಗುರುತೇ ಇಲ್ಲದ ಊರಿನಲ್ಲಿ ಕುಳಿತ ಹೆಡ್ ಆಫೀಸಿನವನು ಪಾಪ, ನಂಬಬೇಕೆಂದರೂ ಯಾವುದನ್ನು ಹಿಡಿದು ನಂಬಿಯಾನು.

ಮಂಜೂರಾತಿಯ ಫ್ಯಾಕ್ಸು ಬಂದದ್ದು ಒಂದು ಬೆಳಗ್ಗೆ ಹತ್ತು ಗಂಟೆಗೆ. ಅದೇ ಬೆಳಗ್ಗೆ ಶಾಂತವ್ವನಿಗೆ ನೋವು ಶುರುವಾಗಿದೆ, ದೂರದ ಆಸ್ಪತ್ರೆಗೆ ಹೊರಟಿದ್ದಾರೆ ಎಂದು ಅವಳ ವಠಾರದಿಂದಲೇ ಬರುವ ನಮ್ಮ ಆಯಾ ಹೇಳಿದ್ದಳು. ಗಂಡನ ಮೊಬೈಲು ಸ್ವಿಚ್ ಆಫ್. ಬಿಸಿ ಆರದ ಫ್ಯಾಕ್ಸನ್ನು ಹಿಡಿದು ನಾನು ಗೋವಿಂದರಾಜನಗರದವರೆಗೆ ಓಡಿದೆ. ಸೀರೆ ಮೊಣಕಾಲಿಗೆ ಬಂದಿತ್ತು, ಹೂವಿನವಳು ಯಾರಿಗೇನಾಯಿತೆಂದು ಕೂಗಿ ಕೇಳುತ್ತಿದ್ದಳು, ನನಗೋ ನಗು ಉಕ್ಕಿ ಬಂದು ಉಸಿರೇ ಸಾಲುತ್ತಿರಲಿಲ್ಲ. ಅಷ್ಟು ಖುಷಿಯಾಗಿ ನಾನು ಅದಕ್ಕೆ ಮುಂಚೆ ಓಡಿರಲಿಲ್ಲ, ಆಮೇಲೂ ಓಡಿಲ್ಲ.

ವಠಾರದ ಮುಂದೆ ಅವಳನ್ನು ಕೂರಿಸಿಕೊಂಡ ಆಟೋ ಆಗಲೇ ಗೊರಗೊರ ಎನ್ನುತ್ತಿತ್ತು. ಅಡ್ಡ ನಿಂತು ಕಾಗದವನ್ನು ಒಳಗೆ ಚಾಚಿ, "ಬಂತು ಶಾಂತವ್ವ, ಡಾಕ್ಟ್ರಮ್ಮನ್ನ ಒಪ್ಕೊಂಡ್ರು" ಎಂದೆ.

ಅವಳು ನೋವಿನಲ್ಲೇ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಪಕ್ಕದಲ್ಲಿ ಬಟ್ಟೆಗಂಟು ತಬ್ಬಿಕೊಂಡು ಕುಳಿತಿದ್ದ ಮಗಳ ತಲೆಯ ಮೇಲೆ ಕೈಯಿಟ್ಟು, "ಇಷ್ಟ ದಿನ ಇದಕ್ಕ ಒದ್ದಾಡಿದ್ರೇನ್ರಿ ಅಕ್ಕಾರ? ಈಕಿನ್ನ ಕರ್ಕೊಂಡು ಹೋಗಿ ತೋರಿಸಿದ್ರ ಆಗ್ತಿತ್ತಲ್ರಿ" ಎಂದಳು.