ಕೋಸಿನ ತೋಟದ ತೌಡು

ಮೊನ್ನೆ ಕರುವಿಗೆಂದು ತೌಡಿಗೆ ಬೆಲ್ಲ ಕಲಸುತ್ತಿದ್ದೆ. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ತಿಗನಾರೆಯ ನಮ್ಮ ಪಕ್ಕದ ಮನೆಯ ಅತ್ತೆ ಕಣ್ಣ ಮುಂದೆ ಬಂದರು...

ದೊಡ್ಡಗಾಜನೂರಿನಿಂದ ಆ ಊರಿಗೆ ನಾನು ಸೊಸೆಯಾಗಿ ಹೋದ ಹೊಸತು, ಎಂಬತ್ತರ ದಶಕದ ಆರಂಭ. ಅತ್ತೆ ಎಂದರೆ ರಕ್ತಸಂಬಂಧವಲ್ಲ, ಊರ ವರಸೆ. ಗಂಡ ತೀರಿಕೊಂಡಿದ್ದರು. ಕಾಡಂಚಿನಲ್ಲಿ ಒಂದು ತುಂಡು ರಾಗಿ ಹೊಲ, ಅದನ್ನು ಹಂದಿಗಳಿಂದ ಕಾಯಲು ಕೆಂಚನೆಂಬ ನಾಯಿ. ಅಷ್ಟೇ ಅವರ ಸಂಸಾರ. ಅವರೂ ನಾನೂ ಕೋಸಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆವು.

ಆ ಮಳೆಗಾಲದಲ್ಲಿ ಚಿಪ್ಪಿಲ್ಲದ ಬಸವನಹುಳುಗಳು ಬಿದ್ದು ಕೋಸಿನ ಎಲೆಯೆಲ್ಲ ತೂತಾಯಿತು. ತೋಟದ ಧಣಿ ಹುಳು ಕೊಲ್ಲುವ ಮದ್ದು ತರಿಸಿ, ತೌಡು ಬೆಲ್ಲದ ಜೊತೆ ಕಲಸಿ ಸಾಲಿನುದ್ದಕ್ಕೂ ಹಾಕಿಸಿದ. ಕಲಸಿದ್ದು ಅತ್ತೆಯೇ. ಮರುದಿನ ಬೆಳಿಗ್ಗೆ ಮೇಲಿನ ಬೀದಿಯ ನಾಯಿಯೊಂದು ನೊರೆ ಕಾರುತ್ತ ತೂರಾಡಿತು. ಹುಚ್ಚು ಹಿಡಿದಿದೆಯೆಂದು ಅದನ್ನು ಹೊಡೆದು ಕೊಂದರು. ಮಧ್ಯಾಹ್ನದ ಹೊತ್ತಿಗೆ ಕೆಂಚನೂ ಅತ್ತೆಯ ಅಂಗಳದಲ್ಲಿ ಬಿದ್ದು ಗಡಗಡ ನಡುಗತೊಡಗಿತು.

ದೊಣ್ಣೆ ಹಿಡಿದು ಬಂದವರ ಮುಂದೆ ನನ್ನ ಮಾವನೇ ಇದ್ದರು. ಅತ್ತೆ ನಾಯಿಗೆ ಅಡ್ಡ ನಿಂತು, ಅದು ಕಕ್ಕಿದ್ದನ್ನು ತೋರಿಸಿದರು.

"ಉಚ್ಚಲ್ಲ ಕಣಣ್ಣ, ತೌಡು ತಿಂದದ. ನೆನ್ನ ಕಲ್ಸಿದ್ದು ನಾನೇಯ, ನಂಗ ಗೊತ್ತಿಲ್ವಾ? ಒಡೀಬೇಕಂದ್ರ ಮೊದ್ಲು ನನ್ನ ಒಡೀರಿ."

"ಮಕ್ಳುಮರಿಗ ಕಚ್ಚುದ್ರ ಯಾರು ಗತಿ? ದಾರಿ ಬುಡು," ಎಂದರು ಮಾವ.

"ಬುಡಕಿಲ್ಲ," ಎಂದವರು ನನ್ನತ್ತ ತಿರುಗಿ, "ಗೋಣಿ ನೆನಸ್ಕೊಂಡು ಬಾ ಮಗ," ಎಂದರು.

ಮಾವ ದುರುಗುಟ್ಟಿ ನೋಡಿದರು. ಆದರೂ ಹೋಗಿ ಗೋಣಿ ನೆನೆಸಿ ತಂದೆ. ಮದುವೆಯಾದ ಮೇಲೆ ಮಾವನ ಮನಸ್ಸಿಗೆ ವಿರುದ್ಧವಾಗಿ ನಡೆದದ್ದು ಅದೇ ಮೊದಲು.

ಕೆಂಚನ ಮೈ ಕೆಂಡವಾಗಿತ್ತು. ಸಣ್ಣ ಸದ್ದಾದರೂ ಸೆಟೆದುಕೊಳ್ಳುತ್ತಿತ್ತು. ಅದನ್ನು ಕೊಟ್ಟಿಗೆಯ ಕತ್ತಲಿಗೆ ಎಳೆದೊಯ್ದು ಒದ್ದೆ ಗೋಣಿ ಹೊದಿಸಿದೆವು, ಒಣಗಿದಂತೆಲ್ಲ ಮತ್ತೆ ನೆನೆಸಿದೆವು. ಅತ್ತೆ ಹೊರಗೆ ದೊಣ್ಣೆ ಹಿಡಿದು ನಿಂತವರನ್ನೆಲ್ಲ, ಮಾವನನ್ನೂ ಸೇರಿಸಿ, ಗದರಿ ಕಳಿಸಿದರು. ಒಳಗೆ ಬಂದು ಕೂತಾಗ ಮಾತ್ರ ತೌಡು ಕಲಸಿದ ತಮ್ಮ ಕೈಗಳನ್ನೇ ನೋಡುತ್ತಿದ್ದರು... ಬೆಳಗಾಗುವ ಹೊತ್ತಿಗೆ ಕೆಂಚ ತಲೆ ಎತ್ತಿ ನೀರು ನೆಕ್ಕಿತು. ಆಗ ಅವರು ಅತ್ತರು.

ಕಣ್ಣೊರೆಸಿಕೊಂಡು ನೇರ ತೋಟಕ್ಕೆ ನಡೆದರು, ನಾನೂ ಹಿಂದೆ ಹೋದೆ. ಧಣಿ ಮತ್ತೆ ಮದ್ದಿನ ತೌಡಿನ ಬಕೆಟ್ಟು ಮುಂದಿಟ್ಟ.

"ತೌಡು ಎರಚಕಿಲ್ಲ ನಾವು. ಬೇಕಾದ್ರ ಉಳ ಕೈಲೇ ಆಯ್ತೀವಿ."

"ಒಂದು ನಾಯಿಗೋಸ್ಕರ ಕೋಸು ಕಳ್ಕೊಳ್ಲಾ? ಬ್ಯಾರೆ ಆಳು ಬತ್ತಾರ, ಓಗು."

"ಬರ್ಲಿ, ಅವ್ರಿಗೂ ಏಳ್ತೀನಿ," ಎಂದು ಅತ್ತೆ ಬದುವಿನ ಮೇಲೆ ಕೂತರು. ನಾನೂ ಕೂತೆ. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಬಂದು ಕೂತರು. ಬೇರೆ ಆಳು ಯಾರೂ ಬರಲಿಲ್ಲ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಧಣಿ ಬಕೆಟ್ಟು ಎತ್ತಿಸಿದ. ಹಾಕಿದ್ದ ತೌಡನ್ನೂ ಕೆರೆದು ಹೂಳಿಸಿದ. ನಾವು ಹುಳು ಆಯ್ದೆವು. ಆ ಬೆಳೆ ಮುಗಿದ ಮೇಲೆ ಅತ್ತೆಯೊಬ್ಬರನ್ನು ಮಾತ್ರ ಅವನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅವರೂ ಕೇಳಲು ಹೋಗಲಿಲ್ಲ.

ನಾನೀಗ ತಾಳವಾಡಿಯಲ್ಲಿದ್ದೇನೆ. ಕಳೆದ ತಿಂಗಳು ನಮ್ಮ ಬೀದಿಯ ನಾಯಿಗಳಿಗೆ ವಿಷ ಹಾಕಿಸಬೇಕೆಂದು ನಾಲ್ಕು ಜನ ಮನೆಮನೆಯ ಒಪ್ಪಿಗೆ ಕೇಳುತ್ತ ಬಂದರು. ಬಾಗಿಲಲ್ಲೇ ನಿಂತು ಜಗಳ ತೆಗೆದೆ, ಬಂದ ದಾರಿ ಹಿಡಿದರು. ಒಳಗೆ ಬಂದು ಕೂತ ಮೇಲೆ ಇದನ್ನು ಅತ್ತೆಗೆ ಹೇಳಬೇಕು ಅನಿಸಿತು. ಅವರು ತೀರಿಹೋಗಿ ಎಷ್ಟೋ ವರ್ಷಗಳಾದವು.